ಸೂತಕವಿಲ್ಲದವಳು

ಭುಜಂಗಯ್ಯ ತೀರಿಕೊಂಡ ದಿನ ಎಲ್ಲರಿಗಿಂತ ಜೋರಾಗಿ ಅತ್ತವಳು ನಾನು. ಹೆಣ ಗೋದಾವರಿಯ ಕಡೆ ಹೊರಟ ಮೇಲೆ ಮನೆಯ ಹೆಂಗಸರು ತಲೆಗೆ ನೀರು ಸುರಿದುಕೊಂಡು ನಡುಮನೆಯಲ್ಲಿ ಕೂತರು. ನಾನೂ ಸುರಿದುಕೊಂಡು ಒದ್ದೆ ಕೂದಲಲ್ಲೇ ಹರಿಣಾಕ್ಷಿಯ ಪಕ್ಕ ಕೂತೆ. ಹರಿಣಾಕ್ಷಿ ಭುಜಂಗಯ್ಯನ ಒಬ್ಬಳೇ ಮಗಳು, ಹೆರಿಗೆಗೆಂದು ಬಂದವಳು ಇನ್ನೂ ತವರಿನಲ್ಲೇ ಇದ್ದಳು. ಅವಳ ತಾಯಿ ಮನೋರಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದರು.

“ನೀನು ಎಂತಕ್ಕೆ ಕೂತದ್ದು ಗುಣವತೀ? ಎದ್ದು ದೇವರಿಗೆ ದೀಪ ಇಡು, ಒಲೆ ಹೊತ್ತಿಸು. ನಿನಗೆ ಸೂತಕ ಇಲ್ಲ ಅಲ್ವಾ?”

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ, ತಾತ್ಸಾರವೂ ಇರಲಿಲ್ಲ. ಶಾಸ್ತ್ರ ಗೊತ್ತಿದ್ದವರು ಶಾಸ್ತ್ರ ಹೇಳಿದರು, ಅಷ್ಟೆ. ಗಂಡ ಹೋದ ಹೊತ್ತಿನಲ್ಲೂ ದೇವರ ಮುಂದೆ ಕತ್ತಲಾಗಬಾರದು ಎಂದು ಹೊಳೆದದ್ದು ದೊಡ್ಡ ವಿಷಯವೇ. ನಾನು ಎದ್ದೆ. ದೀಪ ಇಟ್ಟೆ. ಸೂತಕದವರು ಮುಟ್ಟಬಾರದ ಉಪ್ಪಿನಕಾಯಿ ಭರಣಿ, ಹಪ್ಪಳದ ಡಬ್ಬಿ ಎಲ್ಲವನ್ನೂ ಮುಟ್ಟಿದೆ. ಬಂದವರಿಗೆಲ್ಲ ಗಂಜಿ ಬೇಯಿಸಿದೆ. ಅಳು ಎಲ್ಲಿ ನಿಂತಿತ್ತೋ ಅಲ್ಲೇ ನಿಂತುಹೋಗಿತ್ತು. ಹಸಿ ಸೌದೆಯ ಹೊಗೆ ಕಣ್ಣಿಗೆ ಹೋದರೂ ನೀರು ಬರಲಿಲ್ಲ.

ಅಲ್ಲಿಯವರೆಗೆ ನಾನು ಆ ಮನೆಯ ಮಗಳಾಗಿದ್ದೆ. ನಾನಾಗಿ ಹೇಳಿಕೊಂಡದ್ದಲ್ಲ, ಅವರೇ ಹೇಳುತ್ತಿದ್ದದ್ದು. ನಾಸಿಕದ ರವಿವಾರ ಕಾರಂಜಾದ ಹತ್ತಿರ ಭುಜಂಗಯ್ಯನ ಶಾಕಾಹಾರಿ ಹೋಟೆಲು, ಅದರ ಬೆನ್ನಿಗೆ ಮನೆ. ಮನೆಗೆ ಬಂದವರು ಈ ಹುಡುಗಿ ಯಾರು ಎಂದು ಕೇಳಿದರೆ ಮನೋರಮಮ್ಮ “ನಮ್ಮ ಮಗಳೇ ಹೇಳಿ” ಎನ್ನುತ್ತಿದ್ದರು. ಅವರನ್ನು ಅಮ್ಮ ಎಂದೇ ಕರೆಯಲು ಹೇಳಿದ್ದರು. ನಾನು ಹಾಗೆಯೇ ಕರೆದೆ.

ನನ್ನನ್ನು ಕಾರ್ಕಳದ ಕಡೆಯಿಂದ ಕರೆತಂದವನು ಮನೋರಮಮ್ಮನ ತಮ್ಮ ಮುದ್ದಣ್ಣ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅವನು ಊರಿಗೆ ಹೋಗುವುದು, ಹಪ್ಪಳ, ತೆಂಗಿನೆಣ್ಣೆ, ಕೊಚ್ಚಿಲಕ್ಕಿ ತರುವುದು, ಜೊತೆಗೆ ಹೋಟೆಲಿಗೆ ಹುಡುಗರನ್ನು, ಪರಿಚಯದ ಮನೆಗಳಿಗೆ ಹುಡುಗಿಯರನ್ನು ತರುವುದು. ತರುವುದು ಎಂದೇ ಎಲ್ಲರೂ ಅನ್ನುತ್ತಿದ್ದದ್ದು. ನನಗೆ ಹೊಟ್ಟೆತುಂಬ ಊಟ, ಶಾಲೆ, ದೊಡ್ಡವಳಾದ ಮೇಲೆ ಮದುವೆ ಎಂದು ಅಪ್ಪನಿಗೆ ಹೇಳಿ ಕರೆತಂದ. ಊಟ ಸಿಕ್ಕಿತು. ಶಾಲೆಯೂ ಸಿಕ್ಕಿತು ಅನ್ನಬೇಕು, ದಿನಾ ಹರಿಣಾಕ್ಷಿಯ ಚೀಲ ಹೊತ್ತು ಗೇಟಿನವರೆಗೆ ಹೋಗುತ್ತಿದ್ದೆ. ಮದುವೆಗೆಂದು ನನ್ನ ಸಂಬಳವನ್ನು ಮನೋರಮಮ್ಮ ಕೂಡಿಡುತ್ತಿದ್ದಾರೆ ಎಂದು ಕೇಳಿದ್ದೆ. ಒಮ್ಮೆ ಹೋಟೆಲಿನ ಅಡಿಗೆಯವನೊಬ್ಬ ನನ್ನನ್ನು ಮದುವೆಯಾಗುತ್ತೇನೆ ಎಂದು ಕೇಳಿದನಂತೆ. ಮರುವಾರವೇ ಅವನಿಗೆ ಸಿನ್ನರಿನ ಯಾವುದೋ ಹೋಟೆಲಿನಲ್ಲಿ ಕೆಲಸ ಕೊಡಿಸಿ ಕಳಿಸಿದರು.

ಎಷ್ಟು ವರ್ಷ ಇದ್ದೆ ಎಂದು ಕೇಳಬೇಡಿ. ನಾನು ಬಂದಾಗ ಹರಿಣಾಕ್ಷಿಗೆ ಹಾಲುಹಲ್ಲು ಬೀಳುತ್ತಿತ್ತು. ಈಗ ಅವಳ ಮಗಳಿಗೆ ಹಲ್ಲು ಬರುವ ಹೊತ್ತು.

ಹೊಡೆದದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಮೊದಲು ಕೇಳುವುದು ಅದನ್ನೇ. ಬಾಗಿಲಿಗೆ ಬೀಗ ಹಾಕಿದ್ದೂ ಇಲ್ಲ. ಹೊರಗೆ ಒಬ್ಬಳೇ ಹೋದರೆ ಹೆಣ್ಣುಮಕ್ಕಳನ್ನು ಹಿಡಿದುಕೊಂಡು ಹೋಗಿ ಮುಂಬೈಯಲ್ಲಿ ಮಾರುತ್ತಾರೆ ಎಂದು ನಾನು ಬಂದ ಹೊಸತರಲ್ಲೇ ಮುದ್ದಣ್ಣ ಹೇಳಿದ್ದ. ಆ ಭಯವೇ ಸಾಕಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವುದು, ಎಲ್ಲರೂ ಮಲಗಿದ ಮೇಲೆ ಅಡಿಗೆಮನೆಯಲ್ಲೇ ಚಾಪೆ ಹಾಸುವುದು, ನಡುವೆ ರುಬ್ಬುವುದು, ತೊಳೆಯುವುದು, ಒಗೆಯುವುದು. ಮಗಳು ಎಂದಮೇಲೆ ಮನೆಕೆಲಸ ಮಾಡಬೇಡವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಭುಜಂಗಯ್ಯನ ಕ್ರಿಯೆಯೆಲ್ಲ ಮುಗಿದು ಹರಿಣಾಕ್ಷಿ ಔರಂಗಾಬಾದಿಗೆ, ಗಂಡನ ಮನೆಗೆ ವಾಪಸು ಹೊರಟಳು. ಅವಳ ಟ್ರಂಕು, ಕೂಸಿನ ತೊಟ್ಟಿಲು, ಹಿತ್ತಾಳೆಯ ಹಂಡೆ, ನಾನು. ಇಷ್ಟನ್ನು ನಾಸಿಕ ರೋಡ್ ಸ್ಟೇಷನ್ನಿನಲ್ಲಿ ಗಾಡಿಗೆ ಹತ್ತಿಸಿದರು, ಮನಮಾಡಿನಲ್ಲಿ ಇಳಿಸಿ ಸಣ್ಣ ಹಳಿಯ ಗಾಡಿಗೆ ಹತ್ತಿಸಿದರು. ಹೋಗುತ್ತೀಯಾ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಹಂಡೆಯನ್ನೂ ಕೇಳಿರಲಿಲ್ಲ. ಕೇಳಿದ್ದರೂ ಹೂಂ ಅನ್ನುತ್ತಿದ್ದೆ. ಆ ದಿನಗಳಲ್ಲಿ ನನಗೆ ಬೇಕು ಬೇಡ ಎರಡೂ ಇರಲಿಲ್ಲ.

ಹರಿಣಾಕ್ಷಿಯ ಗಂಡ ಜಯರಾಮನಿಗೆ ಔರಂಗಾಬಾದಿನ ಪೈಠಣ ಗೇಟಿನ ಹತ್ತಿರ ಹೋಟೆಲು. ಬಾಡಿಗೆಗೆ ಇದ್ದದ್ದು ಒಂದು ಹಳೆಯ ವಾಡೆಯಲ್ಲಿ. ನಾಲ್ಕೈದು ಸಂಸಾರಕ್ಕೆ ಅಂಗಳದಲ್ಲಿ ಒಂದೇ ನಲ್ಲಿ. ನೀರು ಬರುವ ಹೊತ್ತಿಗೆ ಕೊಡಗಳ ಸಾಲು, ಮರಾಠಿಯಲ್ಲಿ ಜಗಳ. ಅಲ್ಲಿ ಒಂದು ದಿನ ಯಾರೋ ಕನ್ನಡದಲ್ಲಿ, “ನೀವು ಯಾ ಊರವ್ರ್ರಿ?” ಎಂದರು. ಯಾರನ್ನು ಕೇಳುತ್ತಿದ್ದಾರೆ ಎಂದು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು. ನನ್ನನ್ನು ಆವರೆಗೆ ಯಾರೂ ನೀವು ಎಂದಿರಲಿಲ್ಲ.

ಅವರು ಶಾಂತಾಬಾಯಿ. ಭಾಲ್ಕಿಯ ಕಡೆಯವರು. ಗಂಡ ವಿಶ್ವನಾಥಪ್ಪ ಪೈಠಣದ ಅಣೆಕಟ್ಟಿನ ಆಫೀಸಿನಲ್ಲಿ ಗುಮಾಸ್ತ. ದಪ್ಪ ದನಿ, ಹಣೆಯ ಮೇಲೆ ವಿಭೂತಿ, ಕೇಳಬಾರದ್ದನ್ನೆಲ್ಲ ಕೇಳುವ ಹೆಂಗಸು. ನಲ್ಲಿಯ ಬಳಿ ದಿನಕ್ಕೊಂದು ಪ್ರಶ್ನೆ ಕೇಳುತ್ತಿದ್ದರು. ಊರಿಗೆ ಯಾವಾಗ ಹೋಗಿದ್ರಿ? ಹೋಗಿಲ್ಲ. ತಂದೆ ತಾಯಿ ಇದ್ದಾರೇನು? ಇರಬೇಕು. ಇರಬೇಕು ಅಂದ್ರ? ಕೊಡ ತುಂಬಿತು, ಎತ್ತಿಕೊಂಡು ಬಂದೆ.

ಮಗಳ ಹಾಗೆ ನೋಡಿಕೊಳ್ಳುತ್ತಾರೆ ಎಂದು ನಾನು ಒಂದು ದಿನ ಹೇಳಿದೆ. ಹೇಳುತ್ತಿದ್ದಂತೆ ದೀಪದ ವಿಷಯ ತಾನಾಗಿ ಬಾಯಿಗೆ ಬಂತು. ಅದನ್ನೂ ಹೇಳಿಬಿಟ್ಟೆ. ಶಾಂತಾಬಾಯಿ ಕೊಡ ಕೆಳಗಿಟ್ಟರು.

“ನಮ್ಮ ಮಂದ್ಯಾಗ ಸೂತಕ ಅನ್ನೂದೇ ಇಲ್ರಿ. ಕೊಳ್ಳಾಗ ಲಿಂಗ ಇದ್ದವ್ರಿಗಿ ಎಲ್ಲೀ ಸೂತಕ? ಅದು ನನಗ ತಿಳಿಯಂಗಿಲ್ಲ. ನಾ ಬ್ಯಾರೆ ಕೇಳ್ತೀನಿ. ನಾಳಿಗಿ ಊರಿಗಿ ಹೋಗಬೇಕು ಅನಿಸ್ತಂದ್ರ, ನಾ ಹೋಗ್ತೀನಿ ಅಂತ ಹೇಳ್ಲಿಕ್ಕ ಬರ್ತದೇನ್ರಿ ನಿಮಗ?”

“ಹೇಳಬಹುದು,” ಎಂದೆ.

“ಹೇಳಿದ್ರ ಕಳಸ್ತಾರೇನು?”

ನಲ್ಲಿಯ ನೀರು ನಿಂತುಹೋಗುವ ಮೊದಲು ಬರುವ ಗೊರಗೊರ ಸದ್ದು ಬಂತು.

“ನಮ್ಮಪ್ಪನ ಮನ್ಯಾಗ ಒಬ್ಬವ ಜೀತಕ್ಕ ಇದ್ದ,” ಎಂದರು ಶಾಂತಾಬಾಯಿ. “ಅವಗೂ ಮನೀ ಮಗ ಅಂತಿದ್ರು. ಹಬ್ಬಕ್ಕ ಹೊಸಾ ಧೋತ್ರ, ನಮ್ಮ ಜೋಡಿ ಊಟ. ಒಂದ್ ಸಲ ತಾಯಿಗಿ ಆರಾಮಿಲ್ಲಂತ ಹೇಳದ ಕೇಳದ ಊರಿಗಿ ಹೋದ. ನಮ್ಮಪ್ಪ ಗಾಡಿ ಹೂಡಕೊಂಡ್ ಹೋಗಿ ಎಳಕೊಂಡ್ ಬಂದ. ಮಗ ಆಗಿದ್ರ ಹಂಗ ಎಳಕೊಂಡ್ ಬರ್ತಿದ್ರೇನ್ರಿ? ಇದು ಅದೇ ನೋಡ್ರಿ. ನಿಮ್ಮದು ಅಡಗಿಮನ್ಯಾಗ, ಅವಂದು ಹೊಲದಾಗ, ಅಷ್ಟೇ ಫರಕ್.”

ಜೀತ ಎಂಬ ಮಾತನ್ನು ನಾನು ಆಗಷ್ಟೇ ರೇಡಿಯೋದಲ್ಲಿ ಕೇಳಿದ್ದೆ. ತುರ್ತು ಪರಿಸ್ಥಿತಿಯ ಕಾಲ. ದೇಶದಲ್ಲಿ ಇನ್ನು ಜೀತ ಇಲ್ಲ, ಸರ್ಕಾರ ರದ್ದು ಮಾಡಿದೆ ಎಂದು ವಾರ್ತೆಯಲ್ಲಿ ಹೇಳಿದರು. ಜಯರಾಮ ರೇಡಿಯೋ ಜೋರು ಮಾಡಿ “ಒಳ್ಳೇದಾಯ್ತು” ಎಂದ, ಆಮೇಲೆ ನನ್ನ ಕಡೆ ಲೋಟ ಚಾಚಿದ. ಕಾಫಿ ಕೊಟ್ಟೆ. ಅದು ನನ್ನ ವಿಷಯ ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಶಾಂತಾಬಾಯಿ ಗಂಡನನ್ನು ಕೇಳಿದರು. ಹೊಲದಲ್ಲಿ ದುಡಿಯುವವರ ಹೆಸರನ್ನಾದರೆ ಸಾಹೇಬರು ಬರೆದುಕೊಂಡು ಹೋಗುತ್ತಾರೆ, ಮನೆಯೊಳಗಿನ ಹುಡುಗಿಯ ವಿಷಯ ಹೇಳಿದರೆ ಅದು ಅವರವರ ಮನೆ ವಿಚಾರ ಅನ್ನುತ್ತಾರೆ ಎಂದು ವಿಶ್ವನಾಥಪ್ಪ ಹೇಳಿದರಂತೆ.

“ಕಾನೂನ್ ಬರಿಯೋರಿಗಿ ಅಡಗಿಮನಿ ಕಾಣಂಗಿಲ್ಲ ಬಿಡ್ರಿ,” ಎಂದರು ಶಾಂತಾಬಾಯಿ. “ನೀವೇ ಒಂದ್ ಸಲ ಕೇಳಿ ನೋಡ್ರಿ. ಹೋಗ್ತೀನಿ ಅನ್ನ್ರಿ. ಮನೀನೋ ಜೀತಾನೋ ಅಂತ ಅವತ್ತೇ ತಿಳೀತದ. ಏನರ ಆತಂದ್ರ ಸೀದಾ ನಮ್ಮ ಮನೀಗಿ ಬರ್ರಿ, ನಮ್ಮ ಮನಿಯವ್ರು ಏನರ ಮಾಡ್ತಾರ.”

ನಾನು ಕೇಳಲಿಲ್ಲ. ಏನು ಹೇಳುತ್ತಾರೆ ಎಂದು ಗೊತ್ತಿದ್ದರೂ ಅದನ್ನು ಕಿವಿಯಾರೆ ಕೇಳುವುದು ಬೇಡವಾಗಿತ್ತು. ಕೇಳದೆ ಇದ್ದರೆ ಮಗಳೇ ಆಗಿ ಉಳಿಯಬಹುದು, ಸೂತಕವಿಲ್ಲದ ಮಗಳು. ಹಾಗೆಯೇ ದಿನ ಹೋಯಿತು. ಕೂಸು ಹೊರಳಿತು, ತೆವಳಿತು. ನನಗೆ ಊಟದ ರುಚಿ ತಿಳಿಯುತ್ತಿರಲಿಲ್ಲ. ಸಾರಿಗೆ ಉಪ್ಪು ಸಾಕೇ ಎಂದು ಹರಿಣಾಕ್ಷಿಯನ್ನು ಕೇಳಿ ಹಾಕುತ್ತಿದ್ದೆ.

ಆ ವರ್ಷ ಮಳೆ ನಿಂತ ಮೇಲೆ ಮುದ್ದಣ್ಣ ಔರಂಗಾಬಾದಿಗೆ ಬಂದ. ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ತುಂಬ ದಿನದ ಮೇಲೆ ಸಿಕ್ಕ ನೆಂಟನ ಹಾಗೆ ನಕ್ಕ.

“ನಿನಗೊಂದು ಖುಷಿ ಸುದ್ದಿ ಉಂಟು. ನಿನ್ನ ಅಕ್ಕ ನಾಸಿಕಕ್ಕೆ ಬರ್ತಾಳೆ.”

ನನ್ನ ಅಕ್ಕ ಕುಸುಮಾವತಿ. ನಾನು ಊರು ಬಿಟ್ಟಾಗ ಅವಳಿಗೆ ಇನ್ನೂ ಮದುವೆ ಆಗಿರಲಿಲ್ಲ.

“ಅಕ್ಕನಿಗೆ ಒಬ್ಬಳಿಗೇ ಆಗುದಿಲ್ಲ ಮಾರಾಯ್ತಿ, ನೀನು ಇಲ್ಲಿಗೆ ಬಂದ ಮೇಲೆ,” ಎಂದ. ಅಕ್ಕ ಅಂದರೆ ಅವನ ಅಕ್ಕ, ಮನೋರಮಮ್ಮ. “ಕುಸುಮನ ಮಗಳು ಒಬ್ಬಳು ಇದ್ದಾಳೆ, ಸರೋಜಿನಿ ಅಂತ. ಚುರುಕು. ಕಳಿಸು ಅಂದ್ರೆ ಕುಸುಮ ಒಪ್ಪುದಿಲ್ಲ. ತಂಗಿಯನ್ನು ಕಣ್ಣಿಂದ ನೋಡದೆ ಮಗಳನ್ನು ಬಿಡುದಿಲ್ಲ ಅಂತಾಳೆ. ಹಾಗಾದ್ರೆ ನೀನೇ ಬಂದು ನೋಡು ಅಂದೆ. ನೀನು ಸ್ವಲ್ಪ ನಗ್ತಾ ಇದ್ರೆ ಸಾಕು.”

ಅವನು ಹೋದ ಮೇಲೆ ನಾನು ಹಿಟ್ಟು ಕಲಸುವುದನ್ನು ಮುಂದುವರಿಸಿದೆ. ನನಗೆ ಸಂತೋಷ ಆಗಬೇಕಿತ್ತು, ಅಕ್ಕ ಬರುತ್ತಾಳೆ ಎಂದು. ಹುಡುಗಿಯನ್ನು ನೆನೆದು ಎದೆ ಒಡೆಯಬೇಕಿತ್ತು. ಎರಡೂ ಆಗಲಿಲ್ಲ. ಒಂದು ವಿಷಯ ಮಾತ್ರ ತಲೆಯಲ್ಲಿ ಕೂತಿತು. ನನ್ನನ್ನು ನೋಡಿ ಅಕ್ಕ ಹುಡುಗಿಯನ್ನು ಬಿಟ್ಟುಹೋಗುತ್ತಾಳೆ. ನನ್ನನ್ನು ನೋಡದಿದ್ದರೆ ಬಿಡುತ್ತಿರಲಿಲ್ಲ.

ಮುದ್ದಣ್ಣ ನನ್ನನ್ನು ನಾಸಿಕಕ್ಕೆ ಕರೆತಂದ. ಮನೋರಮಮ್ಮ ನನ್ನನ್ನು ಕಂಡು ನಿಜವಾಗಿ ಸಂತೋಷಪಟ್ಟರು. ಅದರಲ್ಲಿ ನಾಟಕವಿರಲಿಲ್ಲ. ಅಕ್ಕ ಬರುವ ದಿನ ಹೊತ್ತು ಮೂಡುವ ಮೊದಲೇ ನಾನು ಅಡಿಗೆಯೆಲ್ಲ ಮಾಡಿಟ್ಟೆ. ಆಮೇಲೆ ಹರಿಣಾಕ್ಷಿಯ ನೀಲಿ ರೇಷ್ಮೆ ಸೀರೆ ಉಡಿಸಿದರು, ಪೆಟ್ಟಿಗೆಯಿಂದ ಎರಡೆಳೆಯ ಸರ ತೆಗೆದು ಕೊರಳಿಗೆ ಹಾಕಿದರು, ಪಂಚವಟಿಯಿಂದ ತರಿಸಿದ ಹೂವು ಮುಡಿಸಿದರು.

“ಎಷ್ಟು ಚಂದ ಕಾಣ್ತಿ! ಇವತ್ತು ನೀನು ಏಳಲೇಬಾರದು. ಬಡಿಸುದು ನಾನು,” ಎಂದರು.

ಕುಸುಮಕ್ಕ ಬಂದಳು. ಬಾಗಿಲಲ್ಲಿ ನಿಂತಿದ್ದವಳು ನನ್ನ ಅಕ್ಕನೇ ಎಂದು ಬೇರೆಯವರು ಹೇಳಿದ್ದರಿಂದ ಗೊತ್ತಾಯಿತು. ಹಲ್ಲು ಒಂದು ಹೋಗಿತ್ತು, ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ನಾನು ಅವಳ ಬೆನ್ನು ಸವರಿದೆ. ಯಾರದೋ ಬೆನ್ನು ಸವರಿದ ಹಾಗಿತ್ತು. ಅವಳ ಹಿಂದೆ ಒಂದು ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ನಾನು ಬಂದಾಗ ಇದ್ದಷ್ಟೇ ಎತ್ತರ. ನನ್ನ ಸೀರೆಯ ಜರಿಯನ್ನು ಬೆರಳಿನಿಂದ ಮುಟ್ಟಿ ನೋಡಿತು.

ಊಟಕ್ಕೆ ನಾವು ಮೂವರೂ ಸಾಲಾಗಿ ಕೂತೆವು. ಮುದ್ದಣ್ಣ ಹೋಟೆಲಿನ ಕಡೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದ. ಮನೋರಮಮ್ಮ ಬಡಿಸಲು ಬಂದರು, ಅವರಿಗೆ ಸೌಟು ಸಿಗಲಿಲ್ಲ. ಸೌಟು ಸಿಕ್ಕಿತು, ಉಪ್ಪಿನ ಡಬ್ಬಿ ಸಿಗಲಿಲ್ಲ. ನಾನು ರೇಷ್ಮೆ ಸೀರೆಯಲ್ಲಿ ಕೂತಲ್ಲಿಂದಲೇ ಕಣ್ಣಿನಲ್ಲಿ ಮೂಲೆ ತೋರಿಸಿದೆ. ಕುಸುಮಕ್ಕ ಅದನ್ನೆಲ್ಲ ಗಮನಿಸಲಿಲ್ಲ. ದೊಡ್ಡ ಮನೆಯ ಯಜಮಾನಿ ತನ್ನ ತಂಗಿಗೆ ಬಾಗಿ ತುಪ್ಪ ಹಾಕುವುದನ್ನು ನೋಡಿ ಅವಳ ಕಣ್ಣು ಮತ್ತೆ ತುಂಬಿತ್ತು.

“ನಿನ್ನ ಪುಣ್ಯ ಗುಣವತೀ. ಇವಳೂ ನಿನ್ನ ಹಾಗೆ ಆದರೆ ಸಾಕು ನನಗೆ,” ಎಂದಳು. “ನಮ್ಮ ಅಮ್ಮ ನಿನ್ನನ್ನು ಹೀಗೆ ನೋಡಬೇಕಿತ್ತು. ಕೊನೆಗಾಲದಲ್ಲಿ ನಿನ್ನದೇ ಹೆಸರು. ನಿನಗೆ ಬರಲಿಕ್ಕೆ ಆಗಲಿಲ್ಲ, ಮದುವೆ ಗಲಾಟೆ ಅಂತ ಮುದ್ದಣ್ಣ ಹೇಳಿದ್ರು. ಇರಲಿ ಬಿಡು.”

ನನ್ನ ಕೈ ತಟ್ಟೆಯಲ್ಲೇ ಇತ್ತು. “ಅಮ್ಮನಿಗೆ ಎಂತ ಆದದ್ದು?” ಎಂದು ಕೇಳಿದೆ.

ಕುಸುಮಕ್ಕ ನನ್ನನ್ನು ನೋಡಿದಳು, ಆಮೇಲೆ ಮುದ್ದಣ್ಣನನ್ನು ನೋಡಿದಳು. ಮುದ್ದಣ್ಣ ತನ್ನ ಅಕ್ಕನನ್ನು ನೋಡಿದ. ಮನೋರಮಮ್ಮನ ಕೈಯಲ್ಲಿ ತುಪ್ಪದ ಗಿಂಡಿ.

“ನಾನೇ ಹೇಳುವ ಅಂತ ಇದ್ದೆ,” ಎಂದರು ಅವರು. “ಹರಿಣಾಕ್ಷಿಯ ಮದುವೆ ಹತ್ತಿರ ಬಂದಿತ್ತು. ಅಷ್ಟು ಜನಕ್ಕೆ ಅಡಿಗೆ. ಹೇಳಿದ್ರೆ ನಿನಗೆ ಸೂತಕ ಆಗ್ತಿತ್ತು, ನೀನು ಒಲೆ ಮುಟ್ಟುವ ಹಾಗಿಲ್ಲ. ಕೇಳಿದ ಮೇಲೆ ಅಲ್ವಾ ಸೂತಕ? ಕೇಳುವ ತನಕ ದೋಷ ಇಲ್ಲ. ಆದ್ರೂ ನನಗೆ ಮನಸ್ಸು ತಡೀಲಿಲ್ಲ, ದೇವರಿಗೆ ತಪ್ಪುಕಾಣಿಕೆ ಕಟ್ಟಿಟ್ಟಿದ್ದೇನೆ.”

ಹರಿಣಾಕ್ಷಿಯ ಮದುವೆಗೆ ನಾನು ಹೋಳಿಗೆ ಮಾಡಿದ್ದೆ. ಎಲ್ಲರೂ ಹೊಗಳಿದ್ದರು. ನನಗೂ ಅವತ್ತು ಖುಷಿಯಾಗಿತ್ತು, ಎರಡು ಹೋಳಿಗೆ ಹೆಚ್ಚೇ ತಿಂದಿದ್ದೆ. ಅಮ್ಮನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಒಂದು ಹಸಿರು ಕುಪ್ಪಸದ ತೋಳು ನೆನಪಾಯಿತು, ಅದು ಅಮ್ಮನದೋ ದೊಡ್ಡಮ್ಮನದೋ ಗೊತ್ತಾಗಲಿಲ್ಲ. ದುಃಖವಾಗಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಅವರು ಕಸಿದುಕೊಂಡದ್ದು ಅದನ್ನೂ ಸೇರಿ ಎಂದು ಆಗ ತಿಳಿಯಿತು.

“ಹಾಗಾದ್ರೆ ಈಗ ಕೇಳಿದೆನಲ್ಲ,” ಎಂದೆ.

“ಇಷ್ಟು ಸಮಯ ಆದ ಮೇಲೆ ಎಂತ ಮಾರಾಯ್ತಿ? ತಲೆಗೆ ನೀರು ಹಾಕಿಕೊಂಡ್ರೆ ಆಯ್ತು. ಮೊದಲು ಊಟ ಮಾಡು.”

ಹುಡುಗಿ ಪಾಯಸ ನೆಕ್ಕುತ್ತಿತ್ತು. ನಾನು ಕುಸುಮಕ್ಕನ ಕಡೆ ತಿರುಗಿದೆ.

“ಅಕ್ಕ, ಇವಳನ್ನು ಇಲ್ಲಿ ಬಿಡಬೇಡ.”

ಕುಸುಮಕ್ಕ ಗಾಬರಿಯಾದಳು. ದನಿ ತಗ್ಗಿಸಿ ಕೇಳಿದಳು, “ಹೊಡೀತಾರಾ?”

“ಇಲ್ಲ.”

“ಊಟಕ್ಕೆ?”

“ಹಾಕ್ತಾರೆ.”

“ಗಂಡಸರು ಯಾರಾದ್ರೂ...”

“ಇಲ್ಲ.”

“ಮತ್ತೆ ಎಂತದು?”

ಗಾಯ ತೋರಿಸು ಅಂದರೆ ತೋರಿಸುವುದು ಏನನ್ನು? ಮೈಮೇಲೆ ರೇಷ್ಮೆ ಸೀರೆ, ಕೊರಳಲ್ಲಿ ಸರ, ತಟ್ಟೆಯಲ್ಲಿ ತುಪ್ಪ. ಆಗ ಶಾಂತಾಬಾಯಿ ಹೇಳಿದ್ದು ನೆನಪಾಯಿತು. ನಾನು ಕೇಳಲಾರದೆ ಬಿಟ್ಟದ್ದನ್ನು ಅಕ್ಕನಿಗೆ ಹೇಳಿದೆ. “ನನ್ನನ್ನು ಊರಿಗೆ ಕರೆದುಕೊಂಡು ಹೋಗ್ತೇನೆ ಅಂತ ಕೇಳು. ಇವತ್ತೇ. ಅಷ್ಟು ಕೇಳು.”

ಕುಸುಮಕ್ಕನಿಗೆ ಅದರಲ್ಲಿ ಏನಿದೆ ಎಂದು ಗೊತ್ತಾಗಲಿಲ್ಲ. ನಗುತ್ತಲೇ ಕೇಳಿದಳು. “ಅಮ್ಮಾ, ಇವಳನ್ನು ಒಂದು ತಿಂಗಳು ಊರಿಗೆ ಕರ್ಕೊಂಡು ಹೋಗ್ತೇನೆ. ಆಗಬಹುದಲ್ಲ?”

“ಅಯ್ಯೋ, ಈಗ ಹೇಗೆ ಆಗ್ತದೆ? ಹರಿಣಾಕ್ಷಿಯ ಕೂಸು ಇವಳನ್ನು ಬಿಟ್ಟಿರುದಿಲ್ಲ.”

“ಹದಿನೈದು ದಿನ?”

“ಬರುವ ವರ್ಷ ನೋಡುವಾ.”

“ಒಂದು ವಾರವಾದ್ರೂ? ಅಮ್ಮನ ಹೆಸರಲ್ಲಿ ಎರಡು ಅಗಳು ಅನ್ನ ಇಡಲಿ ಇವಳು.”

“ಹೇಳಿದೆನಲ್ಲ ಆಗುದಿಲ್ಲ ಅಂತ!” ಮನೋರಮಮ್ಮನ ದನಿ ಏರಿತು. “ಇವಳು ಹೋದ್ರೆ ಅಲ್ಲಿ ಕೆಲಸ ಮಾಡುದು ಯಾರು?”

ಕುಸುಮಕ್ಕನ ನಗು ಹೋಯಿತು. ತಟ್ಟೆಯಿಂದ ಕೈ ತೆಗೆದಳು. ಮುದ್ದಣ್ಣ ಕುರ್ಚಿಯಿಂದ ಎದ್ದು ಬಂದ. ವ್ಯಾಪಾರ ಕೆಡುವ ಹೊತ್ತಿನಲ್ಲಿ ಹೊಂದಿಸಿ ಗೊತ್ತಿದ್ದವನು.

“ಸಣ್ಣ ವಿಷಯಕ್ಕೆ ಎಂತಕ್ಕೆ ಬೇಜಾರು? ಕುಸುಮ, ನಿನಗೆ ತಂಗಿ ಬೇಕಾ, ಕರ್ಕೊಂಡು ಹೋಗು. ಹುಡುಗಿಯನ್ನು ಬಿಟ್ಟು ಹೋಗು. ಅಕ್ಕನಿಗೂ ತೊಂದರೆ ಇಲ್ಲ, ನಿನಗೂ ತೊಂದರೆ ಇಲ್ಲ.”

ಹೊರಗೆ ಹೋಟೆಲಿನಲ್ಲಿ ಸಾತಪುರದ ಕಾರ್ಖಾನೆಯಿಂದ ಬಂದವರ ಗದ್ದಲ ಕೇಳುತ್ತಿತ್ತು. ಕುಸುಮಕ್ಕ ನನ್ನನ್ನು ನೋಡಿದಳು, ಮಗಳನ್ನು ನೋಡಿದಳು. ಅವಳು ಯೋಚಿಸುತ್ತಿದ್ದಳು. ಅದು ಅವಳ ಮುಖದಲ್ಲಿ ಕಂಡಿತು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಊರಿನಲ್ಲಿ ಒಲೆ ಎಷ್ಟು ದಿನ ಹೊತ್ತುತ್ತದೆ ಎಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ನನಗೆ ಊರಿಗೆ ಹೋಗಬೇಕು ಎಂದು ಅನ್ನಿಸಿದ್ದು ಆ ಕ್ಷಣದಲ್ಲಿ, ಅಷ್ಟು ವರ್ಷದಲ್ಲಿ ಮೊದಲ ಸಲ. ಒಂದು ಹೂಂ ಸಾಕಿತ್ತು.

“ಬೇಡ ಅಕ್ಕ,” ಎಂದೆ. “ಹುಡುಗಿಯನ್ನು ಕರ್ಕೊಂಡು ಹೋಗು. ನಾನು ಇಲ್ಲೇ ಇರ್ತೇನೆ.”

ಕುಸುಮಕ್ಕ ಎದ್ದಳು. ಎಂಜಲು ಕೈಯಲ್ಲೇ ನನ್ನ ರಟ್ಟೆ ಹಿಡಿದಳು.

“ಬಾಯಿ ಮುಚ್ಚು. ಇಬ್ಬರೂ ಬರ್ತೀರಿ.” ಆಮೇಲೆ ಮುದ್ದಣ್ಣನ ಕಡೆ ತಿರುಗಿದಳು. “ನಾನು ಇಲ್ಲಿಗೆ ಬಂದದ್ದು ಸಂತೆಗೆ ಅಲ್ಲ. ಬಾಗಿಲು ಬಿಡಿ. ಇಲ್ಲದಿದ್ರೆ ನಿಮ್ಮ ಹೋಟೆಲಿನಲ್ಲಿ ಉಣ್ತಾ ಇದ್ದಾರಲ್ಲ, ಅವರ ನಡುವೆ ನಿಂತು ಬೊಬ್ಬೆ ಹೊಡೀತೇನೆ. ನನಗೆ ಅವರ ಭಾಷೆ ಬರುದಿಲ್ಲ. ಬೊಬ್ಬೆಗೆ ಭಾಷೆ ಬೇಡ.”

ಮುದ್ದಣ್ಣ ಬಾಗಿಲಿನ ಕಡೆ ನೋಡಿದ, ಗಿರಾಕಿಗಳ ಸದ್ದು ಕೇಳಿದ. ದಾರಿ ಬಿಟ್ಟ. ಮನೋರಮಮ್ಮ ಕೂತುಬಿಟ್ಟಿದ್ದರು. ಅವರು ಅಳುತ್ತಿದ್ದರು, ಅದೂ ನಾಟಕವಲ್ಲ. “ಮಗಳ ಹಾಗೆ ಸಾಕಿದೆ,” ಎಂದು ಮತ್ತೆ ಮತ್ತೆ ಹೇಳಿದರು. ನಾನು ಸರ ಬಿಚ್ಚಿ ಅವರ ಮುಂದೆ ಇಟ್ಟೆ. ಆಗ ಅವರು ತಲೆಯೆತ್ತಿ, “ಸೀರೆ ಹರಿಣಾಕ್ಷಿಯದು,” ಎಂದರು.

“ಬದಲಾಯಿಸಿ ಬರ್ತೇನೆ,” ಎಂದು ಅಕ್ಕನಿಗೆ ಹೇಳಿ ಹಿತ್ತಿಲಿಗೆ ಹೋದೆ. ರೇಷ್ಮೆ ಸೀರೆ ಕಳಚಿ ಮಡಿಸಿಟ್ಟೆ. ಅಮ್ಮನಿಗೆಂದು ತಲೆಗೆ ಒಂದು ಕೊಡ ನೀರು ಸುರಿದುಕೊಂಡೆ, ನನ್ನ ನೂಲಿನ ಸೀರೆ ಉಟ್ಟೆ. ತಿರುಗಿದರೆ ಬೆಳಗಿನ ಅಡಿಗೆಯ ಪಾತ್ರೆಗಳು ರಾಶಿ ಬಿದ್ದಿದ್ದವು. ಪಾಯಸದ ತಪ್ಪಲೆಯ ತಳ ಹಿಡಿದು ಒಣಗುತ್ತಿತ್ತು. ಒಣಗಿದರೆ ಬಿಡಿಸುವುದು ಕಷ್ಟ. ನಾನು ಯೋಚಿಸಲಿಲ್ಲ. ಕೂತೆ, ಬೂದಿ ತೆಗೆದುಕೊಂಡೆ, ತಪ್ಪಲೆಯನ್ನು ಮುಂದಕ್ಕೆ ಎಳೆದುಕೊಂಡೆ. ಹೊರಗೆ ಅಕ್ಕ ನನ್ನ ಹೆಸರು ಹಿಡಿದು ಕರೆಯುತ್ತಿದ್ದಳು. ಕೇಳುತ್ತಿತ್ತು. ಇದೊಂದು ಮುಗಿಸಿ ಹೋಗುತ್ತೇನೆ ಅಂದುಕೊಂಡೆ. ತಪ್ಪಲೆ ಮುಗಿಯಿತು, ಇನ್ನೊಂದು ಎಳೆದುಕೊಂಡೆ. ಹೋಗುವುದಕ್ಕೆ ಕಾಲು ಎಲ್ಲಿಂದ ಶುರುಮಾಡಬೇಕು ಎಂದು ಗೊತ್ತಿರಲಿಲ್ಲ, ಕೈಗಾದರೆ ಎಲ್ಲವೂ ಗೊತ್ತಿತ್ತು.

ಸರೋಜಿನಿ ನನ್ನನ್ನು ಹುಡುಕಿಕೊಂಡು ಬಂದಳು. ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಲಂಗವನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು, ಯಾರೂ ಹೇಳದೆ, ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಒಂದು ತಟ್ಟೆ ಎತ್ತಿಕೊಂಡಳು. ನನ್ನ ಮುಂದಿನ ಬೂದಿಯಿಂದ ಒಂದು ಚಿಟಿಕೆ ತೆಗೆದುಕೊಂಡು, ನಾನು ಉಜ್ಜುವ ಹಾಗೆಯೇ, ಅಂಚಿನಿಂದ ಶುರುಮಾಡಿ ಉಜ್ಜತೊಡಗಿದಳು. ಚೆನ್ನಾಗಿ ಉಜ್ಜುತ್ತಿದ್ದಳು.

“ಹೀಗಾ ಚಿಕ್ಕಮ್ಮ?” ಎಂದು ಕೇಳಿದಳು.

ನಾನು ಅವಳ ಕೈಯಿಂದ ತಟ್ಟೆ ಕಿತ್ತುಕೊಂಡೆ. ಎಷ್ಟು ಜೋರಾಗಿ ಕಿತ್ತುಕೊಂಡೆನೆಂದರೆ ಹುಡುಗಿ ಹೆದರಿ ಅಳತೊಡಗಿತು. ಅವಳ ಕೈಯ ಬೂದಿಯನ್ನು ನನ್ನ ಸೆರಗಿನಿಂದ ಒರೆಸಿದೆ, ಬೆರಳು ಬೆರಳಿನ ನಡುವೆಯೂ ಬಿಡದೆ ಒರೆಸಿದೆ. ಒರೆಸುತ್ತಾ ನನಗೂ ಅಳು ಬಂತು. ಅಳುತ್ತಲೇ ಅವಳನ್ನು ಎತ್ತಿಕೊಂಡು ಎದ್ದೆ. ಉಳಿದ ಪಾತ್ರೆಗಳು ಮುಸುರೆಯಾಗಿಯೇ ಅಲ್ಲಿ ಬಿದ್ದಿದ್ದವು.